ಮೊದಲ ಹೆಸರಿಲ್ಲದ ಮಡಕೆ

ಬಹಳ ಹಿಂದಿನ ಮಾತು. ಐದುಹೊಳೆ ಎಂಬ ಸೀಮೆಯಲ್ಲಿ, ಆವಿಗೆಹಳ್ಳಿ ಎಂಬ ಊರಿನಲ್ಲಿ, ಒಂದು ಸೋಮವಾರ ಬೆಳಿಗ್ಗೆ ಕುಂಬಾರರ ಮಾಳವ್ವ ಮಣ್ಣು ತುಳಿಯುತ್ತಿದ್ದಳು. ಆ ಮಣ್ಣಿನಲ್ಲಿ ನಾಲ್ಕು ಮಡಕೆ ಆಗಬೇಕಿತ್ತು. ಅವಳ ಮಗಳು ಕೆಂಚಿ ಅಂಗಳದಲ್ಲಿ ಕೂತು ಮಣ್ಣಿನೊಳಗಿನ ಹರಳು ಆರಿಸುತ್ತಿದ್ದಳು.

“ಅವ್ವಾ, ಚಳಿ ಆಗ್ತಿದೆ,” ಎಂದಳು ಕೆಂಚಿ.

“ಬಿಸಿಲಲ್ಲಿ ಕೂತು ಚಳಿ ಅಂತೀಯಲ್ಲೇ,” ಎಂದು ಮಾಳವ್ವ ತಿರುಗಿ ನೋಡಿದಳು. ಮಗಳ ಹತ್ತು ಉಗುರೂ ಹಳದಿಯಾಗಿದ್ದವು.

ಮಾಳವ್ವ ಮಣ್ಣಿನಿಂದ ಕಾಲು ತೆಗೆದಳು.

ಅದು ಉಗುರುಜ್ವರ. ಒಬ್ಬರಿಗೆ ಮೂರು ಸಲ ಬರುತ್ತಿತ್ತು. ಮೊದಲ ಸಲ ಮೂರು ದಿನ ಮಲಗಿಸುತ್ತಿತ್ತು, ಎರಡನೆಯ ಸಲ ಹತ್ತು ದಿನ. ಅದಾಗಿ ಅರವತ್ತು ದಿನದೊಳಗೆ ಮೂರನೆಯದು ಬರುತ್ತಿತ್ತು, ಆಮೇಲೆ ಯಾರೂ ಏಳುತ್ತಿರಲಿಲ್ಲ. ಮಾಳವ್ವನ ಮಗ ಸಿದ್ದ ನಾಲ್ಕು ವರ್ಷದ ಹಿಂದೆ ಏಳಲಿಲ್ಲ. ಕೆಂಚಿಗೆ ಇದು ಎರಡನೆಯ ಸಲ.

ಜ್ವರಕ್ಕೆ ಮದ್ದು ಇತ್ತು. ಊರ ಮೇಲಿನ ಗುಡ್ಡದಲ್ಲಿ ಒಂದು ಒರತೆ ಇತ್ತು, ಅದರ ನೀರು ಮೂರು ಬೊಗಸೆ ಕುಡಿದರೆ ಜ್ವರ ಮತ್ತೆ ಬರುತ್ತಿರಲಿಲ್ಲ. ಹೊತ್ತು ತಂದರೆ ದಾರಿಯಲ್ಲೇ ಆರಿಹೋಗುತ್ತಿತ್ತು, ಅಲ್ಲೇ ಹೋಗಿ ಕುಡಿಯಬೇಕಿತ್ತು. ಒರತೆಯ ಮುಂದೆ ಒಂದು ಕಲ್ಲಿನ ಯಾಳಿ ಕೂತಿತ್ತು. ಸಿಂಹದ ಮೈ, ಆನೆಯ ಸೊಂಡಿಲು. ಅದನ್ನು ಅಲ್ಲಿ ಕೂರಿಸಿದವನು ಸೀಮೆಯ ಒಡೆಯ ಧೂಮಕೇಶ. ಅವನು ಮಾಯಕಾರ.

ಧೂಮಕೇಶ ಸೀಮೆಯನ್ನು ಗೆದ್ದುಕೊಂಡವನಲ್ಲ, ಆಯ್ಕೆಯಾದವನು. ಐದು ವರ್ಷಕ್ಕೊಮ್ಮೆ, ಸೀಮೆಯ ನಿಯಮ ಕೊರೆದ ಕಟ್ಟಳೆಕಲ್ಲಿನ ಬಯಲಿನಲ್ಲಿ, ಒಡೆತನಕ್ಕೆ ನಿಂತ ನಾಲ್ವರ ನಾಲ್ಕು ಮಡಕೆ ಇಡುತ್ತಿದ್ದರು. ಸೀಮೆಯಲ್ಲಿ ಸಾವಿರ ಮನೆ. ಮನೆಗೊಂದು ಹುಣಸೆಬೀಜ. ಯಾರ ಮಡಕೆಯಲ್ಲಿ ಹೆಚ್ಚು ಬೀಜವೋ ಅವರೇ ಒಡೆಯರು ಎಂದು ಕಲ್ಲಿನಲ್ಲಿ ಬರೆದಿತ್ತು. ಒಡೆಯನ ಪೀಠದ ಮೇಲೆ ಇರುವಷ್ಟು ದಿನ ಮಾತ್ರ ಧೂಮಕೇಶನ ಮಾಯೆ ನಡೆಯುತ್ತಿತ್ತು. ಅವನ ಮಡಕೆಗೆ ಬೀಜ ಹಾಕಿದ ಬೆರಳು ನೀಲಿಯಾಗುತ್ತಿತ್ತು, ಮುಂದಿನ ಆಯ್ಕೆಯವರೆಗೆ ನೀಲಿ ಹೋಗುತ್ತಿರಲಿಲ್ಲ. ನೀಲಿ ಬೆರಳಿನವರನ್ನು ಮಾತ್ರ ಯಾಳಿ ಒರತೆಗೆ ಬಿಡುತ್ತಿತ್ತು.

ಮಕ್ಕಳಿಗೆ ಬೀಜವಿಲ್ಲ. ಹಾಗಾಗಿ ಮಕ್ಕಳಿಗೆ ನೀಲಿ ಬೆರಳಿಲ್ಲ. ಧೂಮಕೇಶನಿಗೇ ಬೀಜ ಹಾಕಿದ ಮನೆಯ ಮಕ್ಕಳನ್ನೂ ಯಾಳಿ ಬಿಡುತ್ತಿರಲಿಲ್ಲ. ಬೀಜ ಹಾಕಿದ ತಂದೆಯೋ ತಾಯಿಯೋ ಕುಡಿದು ಬದುಕುತ್ತಿದ್ದರು, ಮಕ್ಕಳು ಕೆಳಗೆ ಕೂತು ಸಾಯುತ್ತಿದ್ದವು. ಯಾರೋ ಒಮ್ಮೆ ಕೇಳಿದ್ದಕ್ಕೆ ಧೂಮಕೇಶ, “ಬೀಜ ಇಲ್ಲದವರ ವಿಚಾರ ಆಮೇಲೆ ನೋಡೋಣ,” ಎಂದಿದ್ದ.

ಹಿಂದಿನ ಆಯ್ಕೆಯಲ್ಲಿ ಅವನ ಮಡಕೆಯಲ್ಲಿ ಮುನ್ನೂರ ಎಂಬತ್ತು ಬೀಜ ಬಿದ್ದವು. ದೋಣಿಯವರ ಮಡಕೆಯಲ್ಲಿ ಇನ್ನೂರ ನಲವತ್ತು, ಮಗ್ಗದವರದರಲ್ಲಿ ಇನ್ನೂರ ಹತ್ತು, ಕುರಿಗಾಹಿಗಳದರಲ್ಲಿ ನೂರ ಎಪ್ಪತ್ತು. ಆರುನೂರ ಇಪ್ಪತ್ತು ಮನೆಯವರು ಬೇಡ ಎಂದ ಮನುಷ್ಯ ಪೀಠದ ಮೇಲೆ ಕೂತ. ಅದಕ್ಕೂ ಹಿಂದೆ ಮೂರು ಸಲ ಹೀಗೇ ಆಗಿತ್ತು. ಇದಕ್ಕೆ ಮಾಯೆಯೇನೂ ಬೇಕಾಗಿರಲಿಲ್ಲ.

ಕಟ್ಟಳೆಯನ್ನು ಬದಲಿಸುವ ದಾರಿಯೂ ಕಲ್ಲಿನಲ್ಲೇ ಇತ್ತು. ಸೋತ ಮೂವರೂ ಹೊಸ ಕಟ್ಟಳೆಯನ್ನು ಬರೆದು, ಒಂದೇ ವಸ್ತುವಿನ ಮೇಲೆ ತಮ್ಮ ಹೆಸರು ಹಾಕಿ ತಂದಿಟ್ಟರೆ ಕಲ್ಲಿನ ಅಕ್ಷರ ತಾನಾಗಿ ಬದಲಾಗುತ್ತಿತ್ತು. ಮೂರು ಸಲ ಮೂವರೂ ಓಲೆ ಹಿಡಿದು ಕೂತಿದ್ದರು. ಮೂರು ಸಲವೂ ಓಲೆಯಲ್ಲಿ ಯಾರ ಹೆಸರು ಮೇಲೆ ಬರಬೇಕು ಎಂದು ಜಗಳವಾಡಿ ಓಲೆ ಹರಿದು ಎದ್ದಿದ್ದರು.

ಮುಂದಿನ ಆಯ್ಕೆಗೆ ನಲವತ್ತು ದಿನ ಉಳಿದಿತ್ತು. ಕೆಂಚಿಯನ್ನು ನೆರೆಮನೆಯವರ ಬಳಿ ಬಿಟ್ಟು ಮಾಳವ್ವ ಹೊರಟಳು.

ಮೊದಲು ಹೊಳೆದಂಡೆಗೆ ಹೋದಳು. ದೋಣಿಯವರ ಯಜಮಾನ ಸೋಮಾಜಿ ದೋಣಿಯ ಬಿರುಕಿಗೆ ಮೇಣ ತುಂಬುತ್ತಿದ್ದ. ಅವನ ಹೆಗಲ ಮೇಲೆ ಒಂದು ಹಸಿರು ಗಿಳಿ ಕೂತಿತ್ತು. ಧೂಮಕೇಶ ಕಳಿಸಿದ ಉಡುಗೊರೆ.

“ನೀನೇ ಮೊದಲು, ನೀನೇ ಮೊದಲು,” ಎಂದಿತು ಗಿಳಿ.

“ಯಜಮಾನರೇ, ಮೂವರೂ ಸೇರಿ ಕಟ್ಟಳೆ ಬದಲಿಸಿ,” ಎಂದಳು ಮಾಳವ್ವ.

“ನಾನು ಬೇಡ ಅಂದೆನಾ ತಾಯಿ? ಆ ಮಗ್ಗದವನಿಗೆ ಹೇಳು. ನಮ್ಮದು ಇನ್ನೂರ ನಲವತ್ತು, ಅವನದು ಇನ್ನೂರ ಹತ್ತು. ನನ್ನ ಹೆಸರು ಅವನ ಕೆಳಗೆ ಹೇಗೆ ಬರುತ್ತೆ?”

“ಹೋದ ಬೇಸಿಗೆಯಲ್ಲಿ ನಿಮ್ಮ ಕೇರಿಯಲ್ಲಿ ಎಷ್ಟು ಮಕ್ಕಳು ಹೋದವು?”

ಸೋಮಾಜಿ ಮೇಣದ ಉಂಡೆಯನ್ನು ಕೈಯಲ್ಲಿ ಹಿಸುಕಿದ. “ಹದಿನಾಲ್ಕು.”

“ಅವುಗಳಲ್ಲಿ ಯಾವುದರ ಹೆಸರು ಮೇಲೆ ಬರೆದಿರಿ?”

ಗಿಳಿ ತನ್ನ ಮಾತು ಹೇಳುತ್ತಲೇ ಇತ್ತು. ಮಾಳವ್ವ ಹೇಳಿದಳು: “ಹುಣ್ಣಿಮೆಯ ದಿನ ನನ್ನ ತಿಗರಿಯ ಹತ್ತಿರ ಬನ್ನಿ. ನಿಮ್ಮ ಹೆಸರು ಯಾರ ಕೆಳಗಾದರೂ ಬಂದರೆ ಆ ಮಡಕೆಯನ್ನು ನನ್ನ ತಲೆಯ ಮೇಲೇ ಒಡೆದು ಹೋಗಿ.”

ಎರಡನೆಯದಾಗಿ ಮಗ್ಗದ ಪೇಟೆಗೆ ಹೋದಳು. ಯಜಮಾನ ಬನಶಂಕರಯ್ಯ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಅವನ ಹೆಗಲ ಮೇಲೂ ಒಂದು ಗಿಳಿ ಇತ್ತು.

“ಬಾರಮ್ಮ ಕುಂಬಾರ್ತಿ. ಸೋಮಾಜಿ ಕಳಿಸಿದನೋ? ಅವನ ಜೊತೆ ಒಂದೇ ಓಲೆಗೆ ಹೆಸರು ಹಾಕೋದಾ? ಅವನಿಗೆ ತನ್ನ ಹೆಸರು ಬರೆಯೋಕೆ ಬರುತ್ತಾ ಮೊದಲು ಕೇಳಿ ಬಾ.”

“ನಿಮ್ಮ ಪೇಟೆಯಲ್ಲಿ ಎಷ್ಟು ಮಕ್ಕಳು ಹೋದವು?”

ಬನಶಂಕರಯ್ಯನ ಕೈಯ ಲಾಳಿ ನಿಂತಿತು. “ಒಂಬತ್ತು,” ಎಂದ. ಲಾಳಿಯನ್ನು ಕೆಳಗಿಟ್ಟು, “ಹತ್ತು. ನನ್ನ ಮೊಮ್ಮಗ ಹಬ್ಬದ ಮಾರನೇ ದಿನ ಹೋದ,” ಎಂದ.

“ನೀನೇ ಮೊದಲು,” ಎಂದಿತು ಗಿಳಿ.

ಅವನಿಗೂ ಮಾಳವ್ವ ಹುಣ್ಣಿಮೆಯ ದಿನ ಹೇಳಿ, ಮೂರನೆಯದಾಗಿ ಕುರಿಗಾಹಿಗಳ ಹಟ್ಟಿಗೆ ಹತ್ತಿದಳು. ಅಲ್ಲಿಯ ಹಿರಿಯಳು ಮೈಲವ್ವ, ಎಪ್ಪತ್ತು ದಾಟಿದ ಮುದುಕಿ, ಉಣ್ಣೆ ಹಿಂಜುತ್ತಿದ್ದಳು. ಅವಳ ಹೆಗಲ ಮೇಲೆ ಗಿಳಿ ಇರಲಿಲ್ಲ.

“ಇತ್ತು ಕಣೇ ಮಗಳೇ. ಮೂರು ದಿನಕ್ಕೇ ಓಡಿಸಿದೆ. ಅದು ಹೇಳೋದು ನನಗೇ ಗೊತ್ತಿತ್ತಲ್ಲ.”

“ಹಾಗಾದರೆ ನೀವು ಹೆಸರು ಹಾಕ್ತೀರಾ ಅಜ್ಜಿ?”

“ಹಾಕ್ತೀನಿ. ವಯಸ್ಸಿನಲ್ಲಿ ನಾನು ಹಿರಿಯಳು. ನನ್ನ ಹೆಸರು ಮೇಲೆ ಇದ್ದರೆ ಹಾಕ್ತೀನಿ.”

ಅಷ್ಟು ದಿನ ಮಾಳವ್ವ ಧ್ವನಿ ಎತ್ತಿರಲಿಲ್ಲ. ಅಲ್ಲಿಯೂ ಎತ್ತಲಿಲ್ಲ. ನಿಧಾನವಾಗಿ, ಒಂದೊಂದೇ ಮಾತು ಆರಿಸಿ ಹೇಳಿದಳು: “ಅವರಿಬ್ಬರಿಗೆ ಗಿಳಿ ಇದೆ, ಅದರ ಮೇಲೆ ತಪ್ಪು ಹಾಕಬಹುದು. ನಿಮಗೆ ಅದೂ ಇಲ್ಲ. ಧೂಮಕೇಶ ನನ್ನ ಮಗನಿಗೆ ನೀರು ಕೊಡಲಿಲ್ಲ, ಅವನು ಮಾಯಕಾರ, ಅದು ಅವನ ಕೆಲಸ. ಅವನನ್ನು ನಾಲ್ಕು ಸಲ ಪೀಠದ ಮೇಲೆ ಕೂರಿಸಿದವರು ನೀವು ಮೂವರು. ನನ್ನ ಸಿಟ್ಟಿನಲ್ಲಿ ನಿಮಗೆ ಅವನಿಗಿಂತ ದೊಡ್ಡ ಪಾಲಿದೆ ಅಜ್ಜಿ. ನನ್ನ ಮಗಳು ಸತ್ತರೆ ಮೊದಲು ನಿಮ್ಮ ಹಟ್ಟಿಯ ಮುಂದೆ ತಂದು ಮಲಗಿಸ್ತೀನಿ. ಆಗ ನಿಮ್ಮ ಹೆಸರೇ ಮೊದಲು ಬರುತ್ತೆ.”

ಮೈಲವ್ವ ಉಣ್ಣೆಯನ್ನು ಪಕ್ಕಕ್ಕಿಟ್ಟಳು. “ಯಾವತ್ತು ಬರಬೇಕು?” ಎಂದಳು.

ಹುಣ್ಣಿಮೆಯ ದಿನ ಮೂವರೂ ಬಂದರು, ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ಮಾಳವ್ವ ತಿಗರಿ ತಿರುಗಿಸಿ ಒಂದು ಅಗಲ ಬಾಯಿಯ ಮಡಕೆ ಎತ್ತಿದಳು. ತಿಗರಿ ನಿಂತ ಮೇಲೆ ಮೂವರ ಕೈಗೂ ಒಂದೊಂದು ಕಡ್ಡಿ ಕೊಟ್ಟು, “ಹಸಿ ಅಂಚಿನ ಮೇಲೆ ಸುತ್ತಲೂ ಬರೆಯಿರಿ. ಮೂವರೂ ಒಟ್ಟಿಗೇ,” ಎಂದಳು.

ಬರೆದರು. ಸೋಮಾಜಿ ಬಗ್ಗಿ ನೋಡಿದ, ಬನಶಂಕರಯ್ಯ ಇನ್ನೊಂದು ಕಡೆಯಿಂದ ನೋಡಿದ.

“ಇದರಲ್ಲಿ ಮೊದಲು ಯಾವುದು?” ಎಂದ ಬನಶಂಕರಯ್ಯ.

“ನೀವು ಎಲ್ಲಿಂದ ಓದೋಕೆ ಶುರು ಮಾಡ್ತೀರೋ ಅದು.”

ಮೈಲವ್ವ ನಕ್ಕಳು. “ಇಪ್ಪತ್ತು ವರ್ಷ ನಮಗೆ ಒಂದು ಮಡಕೆ ಹೊಳೀಲಿಲ್ಲ ನೋಡು. ಸೋಮಾಜಿ, ನಿನ್ನ ಹೆಸರಿಗೆ ಇಷ್ಟುದ್ದ ಬಾಲ ಯಾಕೆ ಬಿಟ್ಟಿದ್ದೀಯ? ನನ್ನದನ್ನು ತಳ್ತಾ ಇದೆ.”

ಎರಡು ಗಿಳಿಗಳೂ ಹೆಗಲಿನಿಂದ ಇಳಿದು ಅಂಚಿನ ಮೇಲೆ ನಡೆದವು. ಮೊದಲ ಹೆಸರನ್ನು ಹುಡುಕುತ್ತಾ ಸುತ್ತಿದವು, ಮತ್ತೆ ಸುತ್ತಿದವು. ಸಂಜೆಯವರೆಗೂ ಸುತ್ತಿ, ಎರಡೂ ಒಣ ಎಲೆಗಳಾಗಿ ಕೆಳಗೆ ಬಿದ್ದವು.

ಮಡಕೆಯ ಹೊಟ್ಟೆಯ ಮೇಲೆ ಮಾಳವ್ವ ಹೇಳಿದ ಕಟ್ಟಳೆಯನ್ನು ಬನಶಂಕರಯ್ಯ ಬರೆದ. ಸಾವಿರದ ಅರ್ಧ ದಾಟದವರು ಒಡೆಯರಲ್ಲ. ಯಾರೂ ದಾಟದಿದ್ದರೆ ಎಲ್ಲಕ್ಕಿಂತ ಕಡಿಮೆ ಬೀಜದ ಮಡಕೆಯನ್ನು ಅದರ ಯಜಮಾನನೇ ಒಡೆಯಬೇಕು, ಆ ಮನೆಗಳವರು ತಮ್ಮ ಬೀಜವನ್ನು ಉಳಿದ ಮಡಕೆಗಳಲ್ಲಿ ಒಂದಕ್ಕೆ ಹಾಕಬೇಕು. ಹೀಗೆ ಒಬ್ಬರು ಅರ್ಧ ದಾಟುವವರೆಗೆ.

“ಸೋತವರ ಬೀಜ ಸಾಯಬಾರದು, ಅಷ್ಟೇ,” ಎಂದಳು ಮಾಳವ್ವ.

ಮಡಕೆ ಒಣಗಿ, ಸುಟ್ಟು, ಕಟ್ಟಳೆಕಲ್ಲಿನ ಮುಂದೆ ಹೋಯಿತು. ಕಲ್ಲಿನ ಅಕ್ಷರಗಳು ಅಳಿಸಿ ಹೊಸವು ಮೂಡಿದವು. ಧೂಮಕೇಶ ಬಂದು ಓದಿ ನಕ್ಕ. ತನ್ನ ಮಡಕೆಯನ್ನು ತಾನೇ ಒಡೆಯುವ ಯಜಮಾನ ಐದುಹೊಳೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ಹೇಳಿ ಹೋದ.

ಆಯ್ಕೆಯ ದಿನ ಬಂತು. ಕೆಂಚಿಯನ್ನು ಕಂಬಳಿಯಲ್ಲಿ ಸುತ್ತಿ ಬಯಲಿಗೆ ತಂದಿದ್ದಳು ಮಾಳವ್ವ. ಅಂದು ಬೆಳಿಗ್ಗೆ ಮಗಳ ಉಗುರು ಮತ್ತೆ ಹಳದಿಯಾಗಿತ್ತು.

ಎಣಿಸಿದಾಗ ಧೂಮಕೇಶನಿಗೆ ನಾನೂರ ಹತ್ತು, ದೋಣಿಗೆ ಇನ್ನೂರ ಮೂವತ್ತು, ಮಗ್ಗಕ್ಕೆ ಇನ್ನೂರು, ಕುರಿಗೆ ನೂರ ಅರವತ್ತು. ಮೈಲವ್ವ ಕೋಲಿನಿಂದ ತನ್ನ ಮಡಕೆಯನ್ನು ಒಡೆದು, “ಹೋಗ್ರೋ, ಬೇರೆ ಕಡೆ ಹಾಕಿ,” ಎಂದಳು. ಅವಳ ಜನ ಮತ್ತೆ ಸಾಲು ನಿಂತರು. ಹತ್ತು ಬೀಜ ಧೂಮಕೇಶನಿಗೆ ಹೋದವು, ನಲವತ್ತೈದು ದೋಣಿಗೆ, ನೂರ ಐದು ಮಗ್ಗಕ್ಕೆ.

ಈಗ ಮಗ್ಗದ್ದು ಮುನ್ನೂರ ಐದು, ದೋಣಿಯದು ಇನ್ನೂರ ಎಪ್ಪತ್ತೈದು. ಒಡೆಯಬೇಕಾದದ್ದು ಸೋಮಾಜಿಯ ಮಡಕೆ.

ನಾಲ್ಕು ಸಲವೂ ಸೋಮಾಜಿ ಎರಡನೆಯವನಾಗಿದ್ದ. ಧೂಮಕೇಶ ಅವನ ಪಕ್ಕಕ್ಕೆ ಬಂದು ಎಲ್ಲರಿಗೂ ಕೇಳುವಂತೆಯೇ ಹೇಳಿದ: “ಮಗ್ಗದವನಿಗಿಂತ ನೀನು ಕಡಿಮೆಯೇನಯ್ಯ? ಒಡೆಯಬೇಡ. ಕಟ್ಟಳೆ ತಪ್ಪಿದರೆ ಹಳೆಯದೇ ನಿಲ್ಲುತ್ತೆ. ನಾನು ಒಡೆಯ, ನೀನು ನನ್ನ ಬಲಗೈ. ನಿನ್ನ ಕೇರಿಯ ಮಕ್ಕಳಿಗೆಲ್ಲ ನೀಲಿ ಬೆರಳು ಕೊಡ್ತೀನಿ.”

“ಕೊಡೋಕೆ ಬರುತ್ತಾ ಅದು? ಮಕ್ಕಳಿಗೆ?” ಎಂದ ಸೋಮಾಜಿ.

“ನನಗೆ ಯಾವುದು ಬರಲ್ಲ?”

“ಹಾಗಾದರೆ ಇಪ್ಪತ್ತು ವರ್ಷದಿಂದ ಬರುತ್ತಿತ್ತು.”

ಸೋಮಾಜಿ ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿದ. ಬನಶಂಕರಯ್ಯನ ಕಡೆ ನೋಡಿ, “ನನಗೆ ಹೆಸರು ಬರೆಯೋಕೆ ಬರುತ್ತೆ ಕಣಯ್ಯ,” ಎಂದು ಹೇಳಿ ಮಡಕೆಯನ್ನು ಕಲ್ಲಿಗೆ ಅಪ್ಪಳಿಸಿದ.

ದೋಣಿಯವರ ಮೂವತ್ತೈದು ಬೀಜ ಧೂಮಕೇಶನಿಗೆ ಹೋದವು, ಇನ್ನೂರ ನಲವತ್ತು ಮಗ್ಗಕ್ಕೆ. ಧೂಮಕೇಶನದು ನಾನೂರ ಐವತ್ತೈದಾಯಿತು, ಬನಶಂಕರಯ್ಯನದು ಐನೂರ ನಲವತ್ತೈದು.

ಧೂಮಕೇಶನ ಮಾಯೆ ಅಲ್ಲೇ ಇಳಿಯಿತು. ಜನರ ಬೆರಳುಗಳ ನೀಲಿಯೆಲ್ಲ ಹರಿದು ಹೋಗಿ ಅವನ ಎರಡೂ ಕೈಗಳಲ್ಲಿ ನಿಂತಿತು. ಮೊಣಕೈವರೆಗೆ ನೀಲಿಯಾದ ಒಬ್ಬ ಮುದುಕ ಬಯಲು ದಾಟಿ ಹೋದ, ಅವನಿಗೆ ಯಾರೂ ದಾರಿ ಬಿಡಲಿಲ್ಲ, ಅವನೇ ಸುತ್ತಿಕೊಂಡು ಹೋಗಬೇಕಾಯಿತು. ಗುಡ್ಡದ ಯಾಳಿ ಬರೀ ಕಲ್ಲಾಗಿ ಮಗುಚಿ ಬಿತ್ತು.

ಸೀಮೆಯ ಮಕ್ಕಳನ್ನೆಲ್ಲ ಹೆಗಲ ಮೇಲೆ, ಸೊಂಟದ ಮೇಲೆ ಹೊತ್ತು ಜನ ಗುಡ್ಡ ಹತ್ತಿದರು. ಕೆಂಚಿ ಮೂರು ಬೊಗಸೆ ನೀರು ಕುಡಿದು, “ತಣ್ಣಗಿದೆ,” ಎಂದಳು. ಆ ಬೇಸಿಗೆಯಲ್ಲಿ ಸಾವಿರ ಮನೆಗಳಲ್ಲಿ ಒಂದು ಮಗುವೂ ಸಾಯಲಿಲ್ಲ. ಮೂರು ಬಳಗದವರೂ ಆಮೇಲೆ ಬೇಕಾದಷ್ಟು ಜಗಳವಾಡಿದರು, ಆದರೆ ಕಟ್ಟಳೆಯನ್ನು ಮುಟ್ಟಲಿಲ್ಲ. ಐದುಹೊಳೆಯ ಜನ ಬಹುಕಾಲ ಸುಖವಾಗಿ ಬಾಳಿದರು.

ಮಾಳವ್ವನ ಮನೆಯ ಹೊಸ್ತಿಲಿನಿಂದ ಆ ಒರತೆಗೆ ನಾನೂರ ಹನ್ನೆರಡು ಹೆಜ್ಜೆ. ಸಿದ್ದ ಹೋದ ದಿನವೂ ಅಷ್ಟೇ ಇತ್ತು.