ತಿಮಿಂಗಿಲದ ತಿದಿ

ಶನಿವಾರ, 2019ರ ಜೂನ್ 1. ಮಧ್ಯಾಹ್ನ 12 ಗಂಟೆ 10 ನಿಮಿಷಕ್ಕೆ ಒಮಾರು ಊರಿನ ಪೊಲೀಸ್ ಠಾಣೆಯ ಬಾಗಿಲು ತಳ್ಳಿಕೊಂಡು ಒಳಬಂದ ಮನುಷ್ಯನ ತಲೆಯ ಮೇಲೆ ಮೊಳದುದ್ದದ ಕರಿ ಟೋಪಿಯಿತ್ತು. ಟೋಪಿಯ ನೆತ್ತಿಯಲ್ಲಿ ಹಿತ್ತಾಳೆಯ ಹೊಗೆಕೊಳವೆ, ಅದರಿಂದ ಸಣ್ಣಗೆ ಹೊಗೆಯೂ ಬರುತ್ತಿತ್ತು. ಮೇಜಿನ ಹಿಂದೆ ಕೂತಿದ್ದ ಸಾರ್ಜೆಂಟ್ ನೈರಿ ಡೆಂಪ್‌ಸ್ಟರ್ ಹುಬ್ಬೂ ಏರಿಸಲಿಲ್ಲ. ಸ್ಟೀಮ್‌ಪಂಕ್ ಹಬ್ಬದ ವಾರ ಬಂತೆಂದರೆ ಅರ್ಧ ಊರು ವಿಕ್ಟೋರಿಯಾ ರಾಣಿಯ ಕಾಲದ ಉಡುಪು ತೊಟ್ಟು, ರಾಣಿ ಕನಸಿನಲ್ಲೂ ಕಾಣದಂಥ ಯಂತ್ರಗಳನ್ನು ಹೆಗಲಿಗೇರಿಸಿಕೊಂಡು ಓಡಾಡುತ್ತದೆ.

"ಮೊದಲು ಹೊಗೆ ಆರಿಸಿ ರೋಲಿ. ಮೇಲೆ ಸೂರಲ್ಲಿ ಹೊಗೆ ಕಂಡ್ರೆ ಬಡ್ಕೊಳ್ಳೋ ಗಂಟೆ ಇದೆ," ಎಂದಳು. "ಆಮೇಲೆ ಕೂತ್ಕೊಂಡು ಹೇಳಿ."

"ಕೂತ್ಕೊಳ್ಳೋದೇನು! ನನ್ನ ತಿಮಿಂಗಿಲದ ಉಸಿರನ್ನೇ ಕದ್ದುಬಿಟ್ಟಿದ್ದಾರೆ!"

ರೋಲಿ ಹ್ಯಾಗರ್ಟ್‌ನ ತಿಮಿಂಗಿಲ ಗೊತ್ತಿಲ್ಲದವರು ಊರಿನಲ್ಲಿ ಇರಲಿಲ್ಲ. ಹಳೇ ಬಾಯ್ಲರ್ ತಗಡು, ಹಡಗಿನ ಕಿಟಕಿ, ಕುರಿ ಉಣ್ಣೆ ಕತ್ತರಿಸುವ ಕತ್ತರಿಗಳ ಹಲ್ಲು, ಹೀಗೆ ಸಿಕ್ಕಿದ್ದನ್ನೆಲ್ಲ ಜೋಡಿಸಿ ಮೂರು ವರ್ಷ ಮೈಮುರಿದು ಕಟ್ಟಿದ್ದ. ಬಂದರಿನ ಪಕ್ಕದ ಉಣ್ಣೆ ಗೋದಾಮಿನಲ್ಲಿ ಅದನ್ನು ನಿಲ್ಲಿಸಿದ್ದ. ಬಾಯಿಗೆ ನಾಣ್ಯ ಹಾಕಿದರೆ ಹೊಟ್ಟೆಯೊಳಗಿನ ದೊಡ್ಡ ತಿದಿ ಒತ್ತಿಕೊಂಡು ತಿಮಿಂಗಿಲ ಡರ್ರನೆ ತೇಗುತ್ತಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಸೋಮವಾರ ಮಧ್ಯಾಹ್ನ ಎರಡಕ್ಕೆ ತೀರ್ಪುಗಾರರು ಬರುವವರಿದ್ದರು. ಗೆದ್ದ ಯಂತ್ರಕ್ಕೆ ಸಿಡ್ನಿಯ ಪ್ರದರ್ಶನದಲ್ಲಿ ಜಾಗ.

"ಕೊನೇ ಸಲ ನೋಡಿದ್ದು ಎಷ್ಟೊತ್ತಿಗೆ?"

"ಹನ್ನೊಂದಕ್ಕೆ. ಟೀಪಾಟ್ ಓಟ ಶುರುವಾಗೋಕೆ ಮುಂಚೆ."

"ವಾಪಸ್ ಬಂದಿದ್ದು?"

"ಹನ್ನೆರಡಕ್ಕೆ ಐದು ನಿಮಿಷ ಇತ್ತು. ಗೋದಾಮಲ್ಲಿ ನರಪಿಳ್ಳೆ ಇರ್ಲಿಲ್ಲ. ಟೀಪಾಟ್‌ಗೆ ಗಾಲಿ ಕಟ್ಟಿ ಓಡಿಸ್ತಿರುವಾಗ ಒಳಗೆ ಯಾರು ಕೂತಿರ್ತಾರೆ?"

"ತಿದಿಯ ಗುರುತು?"

"ಕಮ್ಮಾರನ ತಿದಿ, ಬಹಳ ಹಳೇದು. ಎರಡು ವರ್ಷದ ಹಿಂದೆ ಊರ ಗುಜರಿಯಲ್ಲಿ ಸಿಕ್ತು. ಕಪ್ಪು ಚರ್ಮ, ಮರದ ಹಿಡಿ. ಒಂದು ಮಗ್ಗುಲಲ್ಲಿ ಅಂಗೈಯಗಲ ಕೆಂಪು ತೇಪೆ ಇದೆ."

ನೈರಿ ದೂರು ದಾಖಲಿಸಿಕೊಂಡಳು. 12.45ಕ್ಕೆ ಕಾನ್‌ಸ್ಟೇಬಲ್ ಸೆಮಿಸಿ ಫಿಫಿಟಾನೊಂದಿಗೆ ಗೋದಾಮಿಗೆ ಹೋಗಿ ಮಹಜರು ಆರಂಭಿಸಿದಳು. ಸೆಮಿಸಿ ಟೊಂಗಾ ದ್ವೀಪ ಮೂಲದ ಆರಡಿ ಎತ್ತರದ ಯುವಕ, ಠಾಣೆಗೆ ಬಂದು ಎಂಟು ತಿಂಗಳು. ಗೋಡೆಯ ಬಿಳಿ ಸುಣ್ಣಕಲ್ಲು ಉದುರಿ ನೆಲದ ಮೇಲೆ ತೆಳುವಾಗಿ ಧೂಳು ಕೂತಿತ್ತು. ಆ ಧೂಳಿನಲ್ಲಿ ಗಾಲಿಯ ಮೂರು ಗೆರೆಗಳು ತಿಮಿಂಗಿಲದ ತನಕ ಬಂದು ಹಿಂದಕ್ಕೆ ಹೋಗಿದ್ದವು. ಸೆಮಿಸಿ ಗೆರೆಗಳ ಫೋಟೊ ತೆಗೆದ, ಅಳತೆ ಬರೆದುಕೊಂಡ.

ತಿಮಿಂಗಿಲದ ಹೊಟ್ಟೆಯಲ್ಲಿ ಗಾಜಿನ ಕಿಟಕಿಯಿತ್ತು. ಹಿಂದೆಲ್ಲ ಅದರಿಂದ ತಿದಿ ಕಾಣುತ್ತಿತ್ತು, ಈಗ ಬರೀ ಕತ್ತಲೆ. ಕಿಟಕಿಯ ಕೆಳಗಿನ ಹಿತ್ತಾಳೆ ಮುಚ್ಚಳ ಬಿಚ್ಚಿ ತಿದಿಯನ್ನು ಹೊರತೆಗೆದಿದ್ದರು. ಟಾರ್ಚ್ ಬಿಟ್ಟು ನೋಡಿದರೆ, ತೇಗುವ ತುತ್ತೂರಿಯನ್ನು ಮಾತ್ರ ಬೇರೆ ಮಾಡಿ ಒಳಗೇ ಬಟ್ಟೆ ಹಾಸಿ ಮಲಗಿಸಿದ್ದರು. ಮುಚ್ಚಳವನ್ನು ಮತ್ತೆ ಕೂರಿಸಿ ಎಂಟು ಸ್ಕ್ರೂಗಳನ್ನೂ ಬಿಗಿ ಮಾಡಿದ್ದರು.

"ಕಳ್ಳ ಒಳ್ಳೇ ಸಂಸ್ಕಾರದವನು ಸಾರ್ಜ್," ಎಂದ ಸೆಮಿಸಿ. "ನಮ್ಮನೇಲಿ ನಾನು ಡಬ್ಬಿ ತೆಗೆದ್ರೆ ಮುಚ್ಚಳ ಹಾಕಲ್ಲ ಅಂತ ಅಮ್ಮ ಬೈತಾಳೆ."

ನೈರಿ ನಗಲಿಲ್ಲ. ಅವಳು ಮಂಡಿಯೂರಿ ಸ್ಕ್ರೂಗಳನ್ನೇ ನೋಡುತ್ತಿದ್ದಳು. ಎಂಟೂ ಸ್ಕ್ರೂಗಳ ತಲೆಯ ಗೀರು ಆರು ಗಂಟೆ ಹೊಡೆದ ಗಡಿಯಾರದ ಮುಳ್ಳುಗಳ ಹಾಗೆ ನೆಟ್ಟಗೆ ನಿಂತಿತ್ತು. ತಿಮಿಂಗಿಲದ ಮೈಮೇಲಿನ ಮಿಕ್ಕ ನೂರಾರು ಸ್ಕ್ರೂಗಳು ಮಾತ್ರ ಒಂದೊಂದು ಒಂದೊಂದು ದಿಕ್ಕಿಗೆ ತಿರುಗಿದ್ದವು.

"ರೋಲಿ, ಇವನ್ನು ಹೀಗೆ ಸಾಲಾಗಿ ನಿಲ್ಲಿಸಿದ್ದು ನೀವಾ?"

"ನಾನಾ? ಬಿಗಿಯಾದ್ರೆ ಸಾಕು ನಂಗೆ. ಅದು ಎತ್ತ ನೋಡಿದ್ರೆ ನನಗೇನು!"

ನೈರಿ ಮೆಲ್ಲಗೆ ಎದ್ದು ನಿಂತಳು. ಸ್ಕ್ರೂ ಹೀಗೆ ನಿಲ್ಲಿಸುವ ಒಬ್ಬರ ಹೆಸರು ಅವಳಿಗೆ ಗೊತ್ತಿತ್ತು. ಆದರೆ ಹೆಸರನ್ನು ಬಾಯಿಗೆ ತರಲಿಲ್ಲ. ಮನಸ್ಸಿಗೆ ತೋಚಿದ್ದನ್ನೇ ಹಿಡಿದು ಹೊರಟರೆ ಅದು ತನಿಖೆಯಲ್ಲ, ಚಾಡಿ. ಎಲ್ಲರನ್ನೂ ನೋಡಿಯೇ ತೀರುತ್ತೇನೆ ಎಂದುಕೊಂಡಳು.

ಸಂಜೆಯ ಹೊತ್ತಿಗೆ ಹತ್ತೊಂಬತ್ತು ಸಾಕ್ಷಿಗಳ ಹೇಳಿಕೆ ಸಿಕ್ಕಿತು, ಪ್ರಯೋಜನ ಸೊನ್ನೆ. ಕರಿ ಟೋಪಿ, ದಪ್ಪ ಕನ್ನಡಕ, ಕೈಯಲ್ಲೇನೋ ಚರ್ಮ ಹಿತ್ತಾಳೆಯ ಯಂತ್ರ ಇದ್ದವರನ್ನು ಎಲ್ಲರೂ ನೋಡಿದ್ದರು.

"ಅಂಥವರು ಎಷ್ಟು ಜನ?" ಎಂದು ಟಿಕೆಟ್ ಹರಿಯುತ್ತಿದ್ದ ಹೆಂಗಸನ್ನು ಸೆಮಿಸಿ ಕೇಳಿದ್ದ.

"ನಿನ್ನ ಬಿಟ್ಟು ಎಲ್ರೂ," ಎಂದಿದ್ದಳು ಆಕೆ. "ನೀನೊಬ್ಬನೇ ಅನುಮಾನ ಬರೋ ಹಾಗಿದ್ದೀಯ."

ಐದೂವರೆಗೆ ಡನೀಡಿನ್‌ನಿಂದ ಮೇಲಧಿಕಾರಿಯ ಫೋನ್ ಬಂತು. ಹಬ್ಬದ ಹುಡುಗಾಟಕ್ಕೆ ಇಬ್ಬರು ಸಿಬ್ಬಂದಿ ಯಾಕೆ, ಆಟಿಕೆ ತಾನಾಗಿ ವಾಪಸ್ ಬರುತ್ತೆ ಬಿಡಿ ಎಂದರು ಅವರು.

"ಆ ಮನುಷ್ಯ ಮೂರು ವರ್ಷ ದುಡಿದಿದ್ದಾನೆ ಸರ್. ಬ್ಯಾಂಕಿಂದ ಹೋದ್ರೂ ಕಳವು, ತಿಮಿಂಗಿಲದ ಹೊಟ್ಟೆಯಿಂದ ಹೋದ್ರೂ ಕಳವು. ಸೋಮವಾರ ಎರಡು ಗಂಟೆ ತನಕ ನನಗೆ ಟೈಮ್ ಕೊಡಿ."

ಮರುದಿನ, ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಇಬ್ಬರೂ ಪ್ರದರ್ಶನದ ಅರವತ್ತಮೂರು ಯಂತ್ರಗಳನ್ನೂ ಒಂದೊಂದಾಗಿ ನೋಡಿದರು. ಆವಿಯ ಪಿಯಾನೊ, ಹಾರುವ ಸ್ನಾನದ ತೊಟ್ಟಿ, ಪೆಂಗ್ವಿನ್‌ಗಳಿಗೆ ಮಳೆ ಹವಾಮಾನ ಹೇಳುವ ಪೆಟ್ಟಿಗೆ, ಯಾವುದನ್ನೂ ಬಿಡಲಿಲ್ಲ. ನೈರಿ ಟಾರ್ಚ್ ಹಿಡಿದು ಸ್ಕ್ರೂ ನೋಡುವಳು, ಸೆಮಿಸಿ ಬರೆದುಕೊಳ್ಳುವನು. ತಮ್ಮ ಕುಸುರಿ ಕೆಲಸವನ್ನು ಪೊಲೀಸರು ಇಷ್ಟು ಮುತುವರ್ಜಿಯಿಂದ ನೋಡುತ್ತಿದ್ದಾರಲ್ಲ ಎಂದು ತಯಾರಕರಿಗೆ ಸಂತೋಷವೋ ಸಂತೋಷ. ಒಬ್ಬನಂತೂ ತನ್ನ ಯಂತ್ರದ ಇತಿಹಾಸವನ್ನು ಅರ್ಧ ಗಂಟೆ ಕೊರೆದ. ನೈರಿ ಹಲ್ಲುಕಚ್ಚಿ ಕೇಳಿಸಿಕೊಂಡಳು.

ಮಧ್ಯಾಹ್ನ ಮೂರಕ್ಕೆ ಪಟ್ಟಿ ಮುಗಿಯಿತು. ಸ್ಕ್ರೂ ಗೀರುಗಳನ್ನು ನೆಟ್ಟಗೆ ನಿಲ್ಲಿಸುವವರು ಮೂವರು. ಒಬ್ಬ ಶನಿವಾರ ಬೆಳಿಗ್ಗೆ ಓಟದ ಅಂಕಣದಲ್ಲಿ ಟೀಪಾಟ್ ಓಡಿಸುತ್ತಿದ್ದ, ಮುನ್ನೂರು ಜನ ನೋಡಿದ್ದರು. ಇನ್ನೊಬ್ಬ ಇನ್ವರ್‌ಕಾರ್ಗಿಲ್‌ನಿಂದ ಊರಿಗೆ ಬಂದಿದ್ದೇ ಭಾನುವಾರ. ಮೂರನೆಯ ಹೆಸರು ನೆಟಾ ಗಿಲ್ಲನ್.

"ಅಜ್ಜಿಗೆ ಎಂಬತ್ತಮೂರು ವರ್ಷ ಸಾರ್ಜ್," ಎಂದ ಸೆಮಿಸಿ. "ಒಂದು ಕಾಲು ಸರಿ ಇಲ್ಲ."

"ಅದಕ್ಕೇ ಯಾತರಲ್ಲಿ ಓಡಾಡ್ತಾರೆ ಅವರು?"

ಸೆಮಿಸಿ ಪುಸ್ತಕದ ಹಿಂದಿನ ಹಾಳೆ ತಿರುವಿ ಗಾಲಿಯ ಅಳತೆ ನೋಡಿದ. ನೆಟಾ ಓಡಾಡುತ್ತಿದ್ದುದು ಮೂರು ಗಾಲಿಯ ಬ್ಯಾಟರಿ ಗಾಡಿಯಲ್ಲಿ. ಅದಕ್ಕೆ ಪುಟ್ಟ ರೈಲು ಎಂಜಿನ್ನಿನ ವೇಷ ಹಾಕಿದ್ದರು. ಹಬ್ಬದ ಗದ್ದಲದಲ್ಲಿ ಆ ರೈಲು ತಿದಿ ಹೇರಿಕೊಂಡು ಹೋದರೆ ಯಾರು ತಿರುಗಿ ನೋಡುತ್ತಾರೆ?

ನಾಲ್ಕಕ್ಕೆ ಗುಡ್ಡದ ಮೇಲಿನ ನೆಟಾ ಮನೆಗೆ ಹೊರಟರು. ಕಾರನ್ನು ನೈರಿಯೇ ಓಡಿಸುತ್ತಿದ್ದಳು. ಗಂಡ ಬಿಟ್ಟುಹೋದ ವರ್ಷ ಅವಳು ದಿಕ್ಕುತೋಚದೆ ಸೇರಿಕೊಂಡದ್ದು ನೆಟಾ ನಡೆಸುತ್ತಿದ್ದ ಬೆಸುಗೆಯ ತರಗತಿಗೆ. ಉಣ್ಣೆ ಗಿರಣಿಯಲ್ಲಿ ನಲವತ್ತು ವರ್ಷ ಹೊಲಿಗೆ ಯಂತ್ರಗಳ ರಿಪೇರಿ ಮಾಡಿದ್ದ ಹೆಂಗಸು. "ಗೀರು ನೆಟ್ಟಗಿರ್ಲಿ ಮಗಳೇ, ಒಂದು ಸಡಿಲಾದ್ರೂ ದೂರದಿಂದ್ಲೇ ಗೊತ್ತಾಗುತ್ತೆ" ಎಂದು ನೈರಿಯ ಕೈ ಹಿಡಿದು ತಿರುಗಿಸಿ ತೋರಿಸಿದ್ದರು. ಹಾಗೆ ಕಲಿಸಿದ ಕೈಗೇ ಈಗ ಕೋಳ ತರಬೇಕಾಯಿತಲ್ಲ ಎಂದು ಅವಳಿಗೆ ಸಂಕಟವಾಯಿತು. ಆದರೂ ಕಾರು ತಿರುಗಿಸಲಿಲ್ಲ.

ಅಂಗಳದಲ್ಲಿ ನಿಂತಿದ್ದ ಪುಟ್ಟ ರೈಲಿನ ಗಾಲಿಗಳನ್ನು ಸೆಮಿಸಿ ಅಳೆದ. ಅಳತೆ ಹೊಂದಿತು. ಬಾಗಿಲು ತೆರೆದ ನೆಟಾ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

"ನಿನ್ನೇನೇ ಬರ್ತೀಯ ಅಂದ್ಕೊಂಡಿದ್ದೆ ನೈರಿ. ತಡ ಮಾಡ್ದೆ."

"ಅರವತ್ತಮೂರು ಯಂತ್ರ ನೋಡಬೇಕಿತ್ತು. ಮನೆ ಶೋಧಿಸೋಕೆ ವಾರಂಟ್ ತರಬೇಕಾ ನೆಟಾ?"

"ವಾರಂಟ್ ಯಾಕೆ? ಅಡುಗೆಮನೆ ಟೇಬಲ್ ಮೇಲೇ ಇದೆ. ಈ ಹುಡುಗ ಬಾಗಿಲಿಗೆ ತಲೆ ಹೊಡ್ಕೊಳ್ಳದೇ ಇದ್ರೆ ಸಾಕು. ಒಲೇಲಿ ಚೀಸ್ ರೋಲ್ ಇದೆ, ತಿನ್ನಪ್ಪ."

"ಬೇಡ ಅಜ್ಜಿ, ಡ್ಯೂಟಿಲಿದ್ದೀನಿ," ಎಂದ ಸೆಮಿಸಿ ಬಹಳ ಕಷ್ಟಪಟ್ಟು.

ತಿದಿ ಹಳೇ ಪತ್ರಿಕೆಗಳ ಮೇಲೆ ಕೂತಿತ್ತು. ಪಕ್ಕದಲ್ಲಿ ಎಣ್ಣೆ ಬಟ್ಟಲು, ಚಿಂದಿ ಬಟ್ಟೆ. ಕಪ್ಪು ಚರ್ಮ ಎಣ್ಣೆ ಕುಡಿದು ಹೊಳೆಯುತ್ತಿತ್ತು, ಮಗ್ಗುಲಲ್ಲಿ ಕೆಂಪು ತೇಪೆ.

"ಒಣಗಿಹೋಗಿತ್ತು," ಎಂದರು ನೆಟಾ. "ಇನ್ನೊಂದು ವರ್ಷ ಬಿಟ್ಟಿದ್ರೆ ಬಿರುಕು ಬಿಡ್ತಿತ್ತು."

4.35ಕ್ಕೆ ನೈರಿ ಅವರನ್ನು ಬಂಧಿಸಿದಳು. ಮಾತಾಡಲೇಬೇಕೆಂದಿಲ್ಲ, ವಕೀಲರನ್ನು ಕರೆಸಿಕೊಳ್ಳಬಹುದು, ಆಡಿದ ಮಾತು ಸಾಕ್ಷಿಯಾಗುತ್ತದೆ ಎಂದು ಒಂದಕ್ಷರ ಬಿಡದೆ ಹೇಳಿದಳು. ಕೋಳವನ್ನು ಜೇಬಿನಿಂದ ತೆಗೆಯಲಿಲ್ಲ. ನೆಟಾ ಒಲೆ ಆರಿಸಿ ಕೋಟು ಹಾಕಿಕೊಂಡರು.

ಠಾಣೆಯಲ್ಲಿ ವಸ್ತು ಗುರುತಿಸಲು ರೋಲಿಯನ್ನು ಕರೆಸಿದರು. ತಿದಿ ಕಂಡೊಡನೆ ಅವನ ಮುಖ ಅರಳಿತು, ನೆಟಾರನ್ನು ಕಂಡು ಸಿಡುಕಾಯಿತು.

"ನೀವಾ! ಹೊಟ್ಟೆಕಿಚ್ಚಿಗಾ ನೆಟಾ? ಬೇಕಿದ್ರೆ ಕೇಳಬಹುದಿತ್ತಲ್ಲ!"

"ಕೇಳಿದ್ರೆ ಯಾಕೆ ಅಂತ ಹೇಳಬೇಕಾಗಿತ್ತು," ಎಂದರು ನೆಟಾ. "ಎಪ್ಪತ್ತೊಂದು ವರ್ಷದಿಂದ ಯಾರಿಗೂ ಹೇಳಿಲ್ಲ. ಅದು ಕಮ್ಮಾರನ ತಿದಿ ಅಲ್ಲ ರೋಲಿ."

ವಕೀಲರು ಬೇಡ ಎಂದು ಸಹಿ ಹಾಕಿದ ಮೇಲೆ 5.25ಕ್ಕೆ ಹೇಳಿಕೆ ಆರಂಭವಾಯಿತು. ರೋಲಿ ಬಾಗಿಲ ಬಳಿಯೇ ನಿಂತಿದ್ದ. ಇರಲಿ ಬಿಡು ಎಂದರು ನೆಟಾ.

"ಹಾಗಾದ್ರೆ ಏನದು?" ಎಂದು ಕೇಳಿದಳು ನೈರಿ.

"ಆಸ್ಪತ್ರೇದು. ಪೋಲಿಯೊ ಬಂದವರನ್ನ ಮರದ ಪೆಟ್ಟಿಗೇಲಿ ಮಲಗಿಸ್ತಿದ್ರು, ತಲೆ ಮಾತ್ರ ಹೊರಗೆ. ಈ ತಿದಿ ಎಳೆದು ಬಿಟ್ಟು ಮಾಡಿದ್ರೆ ಪೆಟ್ಟಿಗೆ ಒಳಗಿರೋರಿಗೆ ಉಸಿರು."

"ಯಾವ ವರ್ಷ?"

"ನಲವತ್ತೆಂಟು. ನನಗೆ ಹನ್ನೆರಡು. ಕಾಲಿಗೆ ಬಂದಿತ್ತು, ಅದೇ ವಾರ್ಡಲ್ಲಿದ್ದೆ. ನನ್ನ ತಮ್ಮ ಆಸ್ಸಿಗೆ ಐದು. ಅವನು ಪೆಟ್ಟಿಗೇಲಿದ್ದ."

"ತಿದಿ ಯಾರು ಒತ್ತುತ್ತಿದ್ರು?"

"ಮೋಟಾರು. ಆದ್ರೆ ಆಗೆಲ್ಲ ಕರೆಂಟು ಹೋಗ್ತಿತ್ತು. ಒಂದಿನ ಮಧ್ಯಾಹ್ನ ಹೋಯ್ತು. ಇದ್ದವಳು ಒಬ್ಬಳೇ ನರ್ಸು, ಅವಳಿಗೆ ಇನ್ನೊಂದು ಪೆಟ್ಟಿಗೆ ನೋಡ್ಬೇಕಿತ್ತು. ಹಿಡಿ ನನ್ನ ಕೈಗೆ ಕೊಟ್ಟಳು. ನಿಮಿಷಕ್ಕೆ ಹದಿನಾರು, ಬಿಡಬೇಡ ಅಂದಳು."

"ಎಷ್ಟು ಹೊತ್ತು?"

"ಮೂರೂಕಾಲು ಗಂಟೆ. ಮಧ್ಯೆ ಚರ್ಮ ಹರೀತು. ಗಾಳಿ ಸೋರೋಕೆ ಶುರುವಾಯ್ತು. ನರ್ಸು ನನ್ನ ಬೂಟಿನ ನಾಲಿಗೆ ಕತ್ತರಿಸಿ ಹೊಲಿದಳು, ನಾನು ಒತ್ತುತ್ತಾ ಇರುವಾಗ್ಲೇ. ಕೆಂಪು ಬೂಟು. ಹೊಲಿಗೆ ಈಗ್ಲೂ ವಕ್ರವಾಗಿದೆ, ನೋಡು."

ನೈರಿ ನೋಡಿದಳು. ಹೊಲಿಗೆ ವಕ್ರವಾಗಿತ್ತು.

"ಶುಕ್ರವಾರ ಎಲ್ಲರ ಜೊತೆ ನಾನೂ ಕ್ಯೂನಲ್ಲಿ ನಿಂತಿದ್ದೆ," ಎಂದರು ನೆಟಾ. "ಗಾಜಿನೊಳಗೆ ನನ್ನ ಬೂಟಿನ ತುಂಡು ಕಾಣಿಸ್ತು. ಯಾರೋ ನಾಣ್ಯ ಹಾಕಿದ್ರು. ಅದು ತೇಗ್ತು. ಎಲ್ರೂ ನಕ್ಕರು. ನೀನು ಕೆಟ್ಟವನಲ್ಲ ರೋಲಿ, ನಿನಗೆ ಗೊತ್ತಿರ್ಲಿಲ್ಲ. ನನ್ನಿಂದ ತಡ್ಕೊಳ್ಳೋಕಾಗ್ಲಿಲ್ಲ, ಅಷ್ಟೆ."

"ಆಸ್ಸಿ?" ನೈರಿಯ ದನಿ ಕುಗ್ಗಿತ್ತು.

"ಹನ್ನೆರಡು ದಿನ ಆದ್ಮೇಲೆ ಹೋದ. ಕರೆಂಟ್ ಇತ್ತು, ಮೋಟಾರು ಚೆನ್ನಾಗೇ ಓಡ್ತಿತ್ತು." ನೆಟಾ ತಿದಿಯ ಹಿಡಿಯ ಮೇಲೆ ಕೈಯಿಟ್ಟರು. "ನನ್ನ ಕೈಯಲ್ಲಿದ್ದಾಗ ಅವನು ಸಾಯ್ಲಿಲ್ಲ. ಅದನ್ನೂ ಬರ್ಕೋ."

ನೈರಿ ಅದನ್ನೂ ಬರೆದುಕೊಂಡಳು. ವಶಪಡಿಸಿಕೊಂಡ ವಸ್ತುವಿನ ಪಟ್ಟಿಯಲ್ಲಿ 'ಕಮ್ಮಾರನ ತಿದಿ' ಎಂದಿದ್ದುದನ್ನು ಹೊಡೆದುಹಾಕಿ 'ಆಸ್ಪತ್ರೆಯ ಉಸಿರಾಟದ ತಿದಿ, ಸುಸ್ಥಿತಿಯಲ್ಲಿದೆ' ಎಂದು ತಿದ್ದಿ ಸಹಿ ಮಾಡಿದಳು. ರೋಲಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ದೂರು ವಾಪಸ್ ತಗೋಬಹುದಾ ಎಂದು ಕೇಳಿದ. ಅದಿನ್ನು ನ್ಯಾಯಾಲಯದ ಮಾತು, ಅಲ್ಲಿ ಬಂದು ಹೇಳಿ ಎಂದಳು ನೈರಿ. ಗುರುವಾರ ಹಾಜರಾಗಬೇಕೆಂಬ ಷರತ್ತಿನ ಮೇಲೆ ನೆಟಾರನ್ನು ಜಾಮೀನಿನಲ್ಲಿ ಬಿಟ್ಟರು. ಸೆಮಿಸಿ ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಬಿಟ್ಟುಬಂದ, ಡ್ಯೂಟಿ ಮುಗಿದಿದ್ದರಿಂದ ಚೀಸ್ ರೋಲನ್ನೂ ತಿಂದ.

ಸೋಮವಾರ ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷವಿರುವಾಗ ನೈರಿ ಗೋದಾಮಿಗೆ ಹೋದಳು. ತಿದಿ ಠಾಣೆಯ ಕೋಣೆಯಲ್ಲಿ ಬೀಗದೊಳಗಿತ್ತು. ತಿಮಿಂಗಿಲ ಸುಮ್ಮನೆ ನಿಂತಿತ್ತು, ರೋಲಿ ಅದರ ಪಕ್ಕದಲ್ಲಿ ಬರಿದಲೆಯಲ್ಲಿ ನಿಂತಿದ್ದ. ನಾಣ್ಯ ಹಿಡಿದು ಬಂದವರಿಗೆಲ್ಲ ತೇಗಲ್ಲ, ಮುಂದಕ್ಕೆ ಹೋಗಿ ಎನ್ನುತ್ತಿದ್ದ. ನಾಣ್ಯ ಹಾಕುವ ತೂತಿನ ಮೇಲೆ ಅವನು ಹೊಸದಾಗಿ ಒಂದು ಹಿತ್ತಾಳೆ ಪಟ್ಟಿ ಕೂರಿಸಿದ್ದ. ನೈರಿ ಬಾಗಿ ನೋಡಿದಳು. ಪಟ್ಟಿಗೆ ನಾಲ್ಕು ಸ್ಕ್ರೂಗಳಿದ್ದವು. ನಾಲ್ಕರ ಗೀರೂ ನೆಟ್ಟಗಿತ್ತು.