ನಾಲ್ಕನೆಯ ಬಟ್ಟಲು

"ಶುದ್ಧವಾಗಿದೆ," ಎಂದ ಬುತೊಯಿ, ನಾಲ್ಕನೆಯ ಬಟ್ಟಲಿನಿಂದ ಚಮಚ ಎತ್ತಿ. ಕಾಫಿ ಕೇಂದ್ರದಲ್ಲಿ ರುಚಿ ನೋಡಿ ತೀರ್ಪು ಕೊಡುವವನು ಅವನೇ. ಆದರೆ ಹಾಗೆನ್ನುವಾಗ ಅವನು ಕನೆಜಾಳ ಕಡೆ ನೋಡಲಿಲ್ಲ.

ಅದೇ ಅವಳಿಗೆ ಅನುಮಾನ ತಂದಿತು. ಮೂರು ವಾರದಿಂದ ಅವಳನ್ನು ನೋಡುವುದೇ ಅವನ ಕೆಲಸವಾಗಿತ್ತಲ್ಲ! ಹೆಂಗಸರು ಉದ್ದನೆಯ ಮೇಜಿನ ಸುತ್ತ ಕೂತು ಬೀಜ ಆರಿಸುವಾಗ ಏನಾದರೊಂದು ನೆಪ ಹೂಡಿ ಬಂದು ನಿಲ್ಲುತ್ತಿದ್ದ.

"ಬೀಜ ಇರೋದು ಮೇಜಿನ ಮೇಲೆ ಕಣಪ್ಪಾ, ನನ್ನ ರೆಪ್ಪೆ ಮೇಲಲ್ಲ."

"ಅಲ್ಲೂ ಒಂದು ಸಿಕ್ಕೀತು ಅಂತ ಹುಡುಕ್ತಿದೀನಿ."

ನಲವತ್ತು ಹೆಂಗಸರು ಹಾಡು ನಿಲ್ಲಿಸಿ ನಗುತ್ತಿದ್ದರು. ಕನೆಜಾಳ ಬೆರಳುಗಳು ಒಳ್ಳೆಯ ಬೀಜವನ್ನೇ ಆರಿಸಿ ಎಸೆಯುತ್ತಿದ್ದವು.

ಇವತ್ತು ಆಟವಿರಲಿಲ್ಲ. ಐದೂ ಬಟ್ಟಲಲ್ಲಿದ್ದುದು ಅವಳದೇ ಕಾಫಿ. ಕಯಾಂಜಾ ಸೀಮೆಯ ಈ ಗುಡ್ಡದಲ್ಲಿ ಅಪ್ಪ ಬಿಟ್ಟುಹೋದ, ಅಮ್ಮ ಸಾಯುವವರೆಗೂ ಸಾಕಿದ ನೂರ ಅರವತ್ತು ಗಿಡಗಳು ಅವಳ ಪಾಲಿಗಿದ್ದವು. ಹೆಣ್ಣಿಗೆಂಥ ತೋಟ ಎಂದು ಚಿಕ್ಕಪ್ಪ ಬಿಗಿರಿಮಾನ ಹಟ ಹಿಡಿದಿದ್ದ. ಅವಳ ಕಾಫಿ ಅವಳದೇ ಹೆಸರಿನ ಚೀಲದಲ್ಲಿ ಹೋದರೆ ಮಾತ್ರ ಗಿಡ ಮುಟ್ಟುವುದಿಲ್ಲ ಎಂದಿದ್ದ. ಕೀಟ ಚುಚ್ಚಿದ ಒಂದೇ ಬೀಜ ಉಳಿದರೂ ಬಟ್ಟಲು ಹಸಿ ಆಲೂಗಡ್ಡೆ ನಾರುತ್ತದೆ. ಐದು ಬಟ್ಟಲಲ್ಲಿ ಒಂದು ನಾರಿದರೆ ಸಾಕು, ಅಷ್ಟೂ ಕಾಫಿ ಹೆಸರಿಲ್ಲದೆ ಊರ ರಾಶಿಗೆ.

ಬುತೊಯಿ ಐದನೆಯದನ್ನೂ ಹೀರಿ, ಐದಕ್ಕೂ ಶುದ್ಧ ಎಂದು ಕಾಗದದಲ್ಲಿ ಬರೆದ. ಹೆಂಗಸರು ಕೇಕೆ ಹಾಕಿದರು. ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪನ ಮುಖ ಹುಳ್ಳಗಾಯಿತು. ಕನೆಜಾ ಮಾತ್ರ ಬುತೊಯಿಯ ಕೈಯಿಂದ ಚಮಚ ಕಿತ್ತುಕೊಂಡು ನಾಲ್ಕನೆಯದನ್ನು ಸೊರ್ರನೆ ಹೀರಿದಳು.

"ಆಲೂಗಡ್ಡೆ."

"ಸುಮ್ನಿರು, ಕನೆಜಾ," ಬುತೊಯಿ ಪಿಸುಗುಟ್ಟಿದ.

"ಆಲೂಗಡ್ಡೆ!" ಎಲ್ಲರಿಗೂ ಕೇಳುವಂತೆ ಕೂಗಿದಳು.

ಚಿಕ್ಕಪ್ಪ ಗಹಗಹಿಸಿದ. "ನೀನೇ ಒಪ್ಕೊಂಡೆಯಲ್ಲ ಮಗಳೇ. ತೋಟ ಬಿಡು."

"ನಿಮ್ಮ ಷರತ್ತಿಗೆ ನಾನ್ಯಾವತ್ತು ಹೂಂ ಅಂದಿದ್ದೆ ಚಿಕ್ಕಪ್ಪಾ? ತೋಟ ಬೇಕಿದ್ರೆ ಗುಡ್ಡದ ಹಿರಿಯರನ್ನ ಸೇರ್ಸಿ. ಸಾಕ್ಷಿಗೆ ಈ ನಲವತ್ತು ಜನಾನೂ ಕರ್ಕೊಂಡೇ ಬರ್ತೀನಿ."

"ನಾನಂತೂ ಬುತ್ತಿ ಕಟ್ಕೊಂಡು ಬರ್ತೀನಿ," ಎಂದಳು ಮೇಜಿನ ಕೊನೆಯ ಮುದುಕಿ. ನಗು ಎದ್ದಿತು. ಚಿಕ್ಕಪ್ಪ ಗೊಣಗುತ್ತ ಹೊರನಡೆದ.

ಬುತೊಯಿಯ ಮುಖ ಬಾಡಿತ್ತು. "ನಿನಗೋಸ್ಕರ ಸುಳ್ಳು ಹೇಳಿದೆ."

"ಅದಕ್ಕೇ ಸಿಟ್ಟು. ನಂಗೆ ಯಾರ ದಯೆಯಿಂದ ಸಿಕ್ಕ ಹೆಸರೂ ಬೇಡ. ಬರೋ ವರ್ಷ ನಾನೇ ಗೆದ್ದು ಚೀಲದ ಮೇಲೆ ಬರೆಸ್ಕೋತೀನಿ."

ಅವನು ಕಾಗದ ಎಳೆದುಕೊಂಡು ನಾಲ್ಕನೆಯದರ ಮುಂದೆ ಶುದ್ಧ ಎಂದಿದ್ದುದನ್ನು ಹೊಡೆದುಹಾಕಿ, ಆಲೂಗಡ್ಡೆ ಎಂದು ಬರೆದ. "ಇದು ಒಂದು ನಿಜ. ಇನ್ನೊಂದು ಇದೆ. ನಿನ್ನ ಬಿಟ್ಟು ನಂಗೆ ಬೇರೆ ಯಾರೂ ಬೇಡ. ಮದುವೆ ಆಗ್ತೀಯಾ?"

ಕನೆಜಾಳ ಎದೆ ಜಿಗಿಯುತ್ತಿತ್ತು. ಅದನ್ನು ಅಷ್ಟು ಸುಲಭಕ್ಕೆ ತೋರಿಸಲು ಅವಳೇನು ದಡ್ಡಿಯೇ?

"ಹೆಣ್ಣು ಕೇಳೋಕೆ ತೆರದ ಹಸು ತರ್ತೀಯಲ್ಲ, ಎಲ್ಲಿ ಕಟ್ತೀಯ?"

"ಇನ್ನೆಲ್ಲಿ? ಅಪ್ಪ ಇಲ್ಲದ ಹುಡುಗಿ ನೀನು, ನಿನ್ನ ಚಿಕ್ಕಪ್ಪನ ಅಂಗಳದಲ್ಲಿ."

"ಊಹೂಂ. ನನ್ನ ಅಂಗಳದಲ್ಲಿ. ಅಮ್ಮನ ಗಿಡಗಳ ಪಕ್ಕ."

"ಹಾಗೆ ಈ ಗುಡ್ಡದಲ್ಲಿ ಯಾರೂ ಕಟ್ಟಿಲ್ಲ ಕಣೇ! ಜನ ನಗ್ತಾರೆ. ಹಸುವೂ ದಾರಿ ತಪ್ಪುತ್ತೆ."

"ನೀನು ಹಗ್ಗ ಹಿಡ್ಕೊಂಡು ಮುಂದೆ ನಡಿ, ಅದು ಬರುತ್ತೆ," ಎಂದಳು ಕನೆಜಾ, ಅವನ ಕಣ್ಣಲ್ಲೇ ಕಣ್ಣಿಟ್ಟು. "ನಗೋರು ಹಿಂದೆ ಬರ್ಲಿ."