ಮೂವತ್ತಾರು ಇಂಚಿನ ಅಡುಗೆಕಟ್ಟೆ

ಮೊದಲ ಭೇಟಿಯಲ್ಲೇ ಆರ್ಕಿಟೆಕ್ಟ್ ಮೇಡಂ ಹಲ್ಲಿನ ಡಾಕ್ಟರನ್ನು ಅವರದೇ ಅಡುಗೆಮನೆಯಲ್ಲಿ ನಿಲ್ಲಿಸಿ ಟೇಪ್ ಹಿಡಿದಳು.

"ಮೊಣಕೈ ಮಡಚಿ."

"ಸೂಟ್ ಹೊಲೀತೀರಾ?"

"ಮನೇನೂ ಮೈಗೆ ಸರಿಯಾಗಿರಬೇಕು ಡಾಕ್ಟ್ರೇ. ಮೊದಲು ಜನ, ಆಮೇಲೆ ಗೋಡೆ."

ಇಪ್ಪತ್ತೆಂಟು ವರ್ಷ ಅವಳು ಕಟ್ಟಿದ್ದೆಲ್ಲ ಈ ಒಂದು ಮಾತಿನ ಮೇಲೆ. ಗೆರೆ ಎಳೆಯುವ ಮುನ್ನ ಮನೆಯವರ ಜೊತೆ ದಿನವಿಡೀ ಕೂತು, ಯಾರು ಎಲ್ಲಿ ಪೇಪರ್ ಓದುತ್ತಾರೆ, ಮುನಿಸಿಕೊಂಡರೆ ಯಾವ ಮೂಲೆ ಹಿಡಿಯುತ್ತಾರೆ ಎಂದು ಬರೆದುಕೊಳ್ಳುತ್ತಿದ್ದಳು. ತನ್ನ ಆಸೆಯನ್ನು ಇನ್ನೊಬ್ಬರ ಮನೆಯೊಳಗೆ ತೂರಿಸಬಾರದು ಎಂಬುದರಲ್ಲಿ ಬಲು ಕಟ್ಟುನಿಟ್ಟು. ಈ ಓಡಾಟದಲ್ಲಿ ಅವಳಿಗೆ ಐವತ್ತು ದಾಟಿತ್ತು. ಮದುವೆಯ ಮಾತು ಯಾವಾಗಲೋ ನಿಂತಿತ್ತು.

ಡಾಕ್ಟರ ಹೆಂಡತಿ ತೀರಿಕೊಂಡು ಆರು ವರ್ಷ.

"ಹೊಸ ಮನೇಲಿ ಅಡುಗೆಕಟ್ಟೆ ಎಷ್ಟು ಎತ್ತರ ಬೇಕು?"

ಅವರು ಅವಳನ್ನು ಅಡಿಯಿಂದ ಮುಡಿಯವರೆಗೆ ನಿಧಾನಕ್ಕೆ ನೋಡಿದರು. "ನಿಮಗೆಷ್ಟು ಸರಿಯೋ ಅಷ್ಟು."

"ನಾನೇನು ಅಲ್ಲಿ ಅಡುಗೆ ಮಾಡ್ತೀನಾ?"

"ಯಾರಿಗೆ ಗೊತ್ತು?" ಡಾಕ್ಟರು ನಕ್ಕರು.

ಆ ನಗು ಅವಳ ಜೊತೆ ಆಫೀಸಿಗೂ ಬಂತು. ಅವಳು ಎತ್ತರದ ಹೆಂಗಸು; ತನ್ನ ಅಳತೆಗೇ ಕಟ್ಟೆ ಮೂವತ್ತಾರು ಇಂಚು ಎಂದು ಪ್ಲಾನಿನಲ್ಲಿ ಬರೆದಳು. ಸೈಟಿನಲ್ಲಿ ಮೆಟ್ಟಿಲಿಳಿಯುವಾಗ ಡಾಕ್ಟರು ಕೈ ಹಿಡಿದರು, ನೆಲ ಸಿಕ್ಕ ಮೇಲೂ ಬಿಡಲಿಲ್ಲ. ಮರುದಿನವೇ ಪ್ಲಾನಿನಲ್ಲಿ ಪೂರ್ವದ ಕಿಟಕಿಯ ಕೆಳಗೆ ಇಬ್ಬರು ಕೂರುವಷ್ಟು ಜಗಲಿ ಮೂಡಿತು. ಯಾರೂ ಕೇಳಿರಲಿಲ್ಲ. ಜೀವನದಲ್ಲಿ ಮೊದಲ ಸಲ ಅವಳು ತನ್ನ ಮನೆ ಬರೆಯುತ್ತಿದ್ದಳು.

ಕೀಲಿಕೈ ಕೊಡುವ ಬೆಳಿಗ್ಗೆ, ಹೊಸ ಮನೆಯ ಖಾಲಿ ಹಾಲ್‌ನಲ್ಲಿ, ಅವಳು ಕೀಲಿಕೈ ಹಿಡಿದುಕೊಂಡೇ ಕೇಳಿದಳು.

"ಡಾಕ್ಟ್ರೇ, ಈ ಮನೇಲಿ... ನಾನೂ ಇರ್ಲಾ?"

ಅವರು ನಕ್ಕರು. ಅವಳು ನಗದಿದ್ದುದನ್ನು ಕಂಡು ನಿಲ್ಲಿಸಿದರು.

"ಅಯ್ಯೋ, ನೀವು ನಿಜ ಅಂದ್ಕೊಂಡ್ರಾ? ನಾಲ್ಕು ಒಳ್ಳೇ ಮಾತಾಡಿದ್ರೆ ಮೇಡಂ ಜೀವ ತೇಯ್ದು ಕೆಲಸ ಮಾಡ್ತಾರೆ ಅಂತ ಕಾಂಟ್ರಾಕ್ಟರ್ ಹೇಳಿದ್ದ. ಅಷ್ಟೇ. ಈ ವಯಸ್ಸಲ್ಲಿ ನಿಮಗೂ ಗೊತ್ತಾಗಬೇಕಿತ್ತಲ್ವಾ?"

ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಬಡಿಯಿತು. ಮೂವತ್ತೈದರ ಆಸುಪಾಸಿನ ಪುಟ್ಟ ಹೆಂಗಸೊಬ್ಬಳು ಚಪ್ಪಲಿ ಕಳಚಿ ಓಡಿಬಂದಳು. ಮುಂದಿನ ತಿಂಗಳು ತಮ್ಮಿಬ್ಬರ ಮದುವೆ ಎಂದು ಡಾಕ್ಟರು ಪರಿಚಯ ಮಾಡಿಸಿದರು.

"ಅಕ್ಕಾ, ಎಷ್ಟು ಚೆನ್ನಾಗಿದೆ! ನಿಮ್ಮ ಬಗ್ಗೆ ತುಂಬಾ ಹೇಳ್ತಿರ್ತಾರೆ." ಅಡುಗೆಮನೆಗೆ ನುಗ್ಗಿ ಕಟ್ಟೆಯ ಮುಂದೆ ನಿಂತಳು. ಅದು ಅವಳ ಮೊಣಕೈಗಿಂತ ಮೇಲೆ ಬಂತು. ತುದಿಗಾಲಲ್ಲಿ ನಿಂತು ನಕ್ಕಳು. "ಇದೇನಕ್ಕಾ, ಯಾರನ್ನ ನೋಡ್ಕೊಂಡು ಮಾಡಿದ್ರಿ?"

ಡಾಕ್ಟರು ಅವಸರದಿಂದ, "ಒಡೆಸಿ ಸರಿ ಮಾಡ್ಸೋಣ ಬಿಡು," ಎಂದರು.

ಮೇಡಂ ಒಂದು ಸುಳ್ಳು ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆ ಹುಡುಗಿಯ ಮುಖದಲ್ಲಿ ಕಪಟವಿರಲಿಲ್ಲ. ಅದು ಮೇಡಂಗೂ ಕಂಡಿತು. ಆದರೂ ಬಾಯಿ ಮುಚ್ಚಿಕೊಳ್ಳಲಿಲ್ಲ.

"ನನ್ನನ್ನೇ ನೋಡ್ಕೊಂಡಮ್ಮ. ಹಾಗೇ ಮಾಡಿ ಅಂತ ಇವರೇ ಹೇಳಿದ್ರು. ಕೈ ಹಿಡ್ಕೊಂಡು, ಒಂದು ವರ್ಷ."

ಹುಡುಗಿಯ ಹಿಮ್ಮಡಿಗಳು ಮೆಲ್ಲಗೆ ನೆಲಕ್ಕಿಳಿದವು. ಅವಳು ಡಾಕ್ಟರ ಕಡೆ ತಿರುಗಿದಳು. ಅವರು ಮುಖ ತಿರುಗಿಸಿ ಕಿಟಕಿಯ ಚಿಲಕ ನೋಡತೊಡಗಿದರು.

ಮೇಡಂ ಕೀಲಿಕೈಗಳನ್ನು ಹುಡುಗಿಯ ಅಂಗೈಗೆ ಹಾಕಿ, ಬೆರಳುಗಳನ್ನು ಮುಚ್ಚಿ, ಹೊರಗೆ ನಡೆದಳು. ಗೇಟಿನವರೆಗೂ ಬೆನ್ನು ನೆಟ್ಟಗಿತ್ತು.